ಬಿಲ್ ಇದ್ಯಾ ಸಾರ್?

ಕಳೆದ ಜನವರಿಯಲ್ಲಿ ಊರಿಗೆ ಹೋಗಿದ್ದೆ. ಸಾಗರದ ಹತ್ತಿರ ನಮ್ಮ ತೋಟ. ಪಂಪ್‌ಸೆಟ್ಟಿಗೆ ಪೈಪ್ ಜೋಡಿಸುವ ಬಿಲ್ಲೆ, ಅದೇ ಫ್ಲಾಂಜ್, ಅದರ ಬಳಿ ನೀರು ಒಸರುತ್ತಿತ್ತು. ಅಪ್ಪ ಅದಕ್ಕೊಂದು ಹಳೇ ಸೈಕಲ್ ಟ್ಯೂಬ್ ಸುತ್ತಿ ಮೂರು ತಿಂಗಳು ದೂಡಿದ್ದರು. ಮಗ ಎಂಜಿನಿಯರು. ಅದೂ ಅಮೆರಿಕದಲ್ಲಿ, ಡೆಟ್ರಾಯಿಟ್ ಪಕ್ಕದ ನೋವೈಯಲ್ಲಿ ಕೂತು ಕಾರಿನ ಭಾಗಗಳ ಕೆಲಸ ಮಾಡುವವನು. ನೋಡಿಕೊಂಡು ಸುಮ್ಮನಿರಲು ಮರ್ಯಾದೆ ಬಿಡಲಿಲ್ಲ. ಪೇಟೆಗೆ ಹೋಗಿ 12 ಪೀಸಿನ ಸ್ಪಾನರ್ ಸೆಟ್ ತಂದೆ. ಹೊಸ ಸ್ಟೀಲ್ ಲೋಟದ ಹಾಗೆ ಫಳಫಳ ಹೊಳೆಯುತ್ತಿತ್ತು. ಮೇಲೆ ಕ್ರೋಮ್ ವೆನೇಡಿಯಂ ಅಂತ, ಅಂದರೆ ಗಟ್ಟಿ ಉಕ್ಕು ಅಂತ, ದಪ್ಪ ಅಕ್ಷರ. ಅದರ ಕೆಳಗೆ ಇನ್ನೂ ದಪ್ಪಗೆ ಲೈಫ್‌ಟೈಮ್ ಗ್ಯಾರಂಟಿ.

ಮೊದಲನೇ ಬೋಲ್ಟಿಗೇ 18-19ರ ಸ್ಪಾನರ್ ಬಾಯಿ ಬಿಟ್ಟಿತು. ನಾನೇನು ಪೈಲ್ವಾನನಲ್ಲ, ಬೆಳಗ್ಗೆ ಎರಡು ದೋಸೆ ತಿಂದಿದ್ದೆ ಅಷ್ಟೇ. ಸ್ಪಾನರ್ ನಟ್ಟಿನ ಮೇಲೆ ಜಾರಿತು, ನಟ್ಟಿನ ಮೂಲೆ ಸವೆಯಿತು, ನನ್ನ ಬೆರಳಿನ ಗಿಣ್ಣು ಫ್ಲಾಂಜಿಗೆ ಬಡಿದು ಕಿತ್ತುಹೋಯಿತು. ಅಪ್ಪ ಏನೂ ಹೇಳಲಿಲ್ಲ. ಪಂಪ್‌ಮನೆ ಒಳಗೆ ಹೋಗಿ ಗೋಣಿಚೀಲದ ತುಂಡಿನಲ್ಲಿ ಸುತ್ತಿಟ್ಟಿದ್ದ ಕರೀ ಸ್ಪಾನರ್ ತಂದರು. ಅದು ನಾನು ಹೈಸ್ಕೂಲಿನಲ್ಲಿದ್ದಾಗಿನದು. ಅದರ ಬಾಯಿ ಮತ್ತು ಸವೆದ ನಟ್ಟಿನ ಮಧ್ಯೆ ಹ್ಯಾಕ್ಸಾ ಬ್ಲೇಡಿನ ಚೂರೊಂದನ್ನು ತುರುಕಿದರು. ಎರಡು ಸಲ ಅಲ್ಲಾಡಿಸಿದರು. ನಟ್ಟು ಬಿಚ್ಚಿಕೊಂಡಿತು. ಒಂದು ಮಾತಾದರೂ ಆಡಿದ್ದರೆ ಆಗ್ತಿತ್ತು. ಆಡಲಿಲ್ಲ.

ಮಾರನೇ ದಿನ ಸ್ಪಾನರ್ ಹಿಡಿದುಕೊಂಡು ಅದೇ ಅಂಗಡಿಗೆ ಹೋದೆ. ಅಂಗಡಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

‘ಬಿಲ್ ಇದ್ಯಾ ಸಾರ್?’

ಬಿಲ್ ಕೊಟ್ಟಿರಲಿಲ್ಲ. ಕ್ಯಾಲೆಂಡರ್ ಹಿಂದಿನ ಹಾಳೆ ಹರಿದು ಲೆಕ್ಕ ಬರೆದಿದ್ದರು. ಅದನ್ನೇ ಹೇಳಿದೆ.

‘ಬಿಲ್ ಇಲ್ದೇ ಕಂಪನಿಯೋರು ತಗೊಳ್ಳಲ್ಲ ಸಾರ್. ಇದ್ರೂ ಕಳ್ಸಿ ಬರೋಕೆ ತಿಂಗ್ಳು ಹಿಡಿಯುತ್ತೆ.’ ಸ್ವಲ್ಪ ತಡೆದು, ನನ್ನ ಮುಖ ನೋಡಿ, ‘ಪೈಪ್ ಹಾಕಿ ತಿರುಗ್ಸಿರ್ತೀರ ನೀವು’ ಅಂದರು.

ಅಲ್ಲಿಗೆ ನನಗೆ ಉರಿದುಹೋಯಿತು. ಸ್ಪಾನರ್ ಬಾಯಿ ಬಿಟ್ಟಿದ್ದಕ್ಕಲ್ಲ. ಕಬ್ಬಿಣ ಅಂದಮೇಲೆ ಒಂದು ಗಟ್ಟಿ ಬರುತ್ತೆ, ಒಂದು ಬರಲ್ಲ. ಉರಿದದ್ದು ಆ ಪೈಪಿನ ಮಾತಿಗೆ. ಹಿಡಿಗೆ ಪೈಪ್ ತೂರಿಸಿ ಉದ್ದ ಮಾಡಿ ಅತಿಯಾಗಿ ಬಲ ಹಾಕಿದ್ದೀಯ, ತಪ್ಪು ನಿನ್ನದೇ ಅಂತ ಅದರರ್ಥ. ಯಾಕೆಂದರೆ ನಾನು ಪೈಪ್ ಹಾಕಿ ತಿರುಗಿಸಿ ಸಾಮಾನು ಮುರಿದವನೇ. ಆದರೆ ಅದು ಸಾಗರದಲ್ಲಿ ಅಲ್ಲ, ಅಮೆರಿಕದಲ್ಲಿ. 2003ರಲ್ಲಿ. ಆವತ್ತು ಒಬ್ಬರೂ ಕೇಳಿರಲಿಲ್ಲ.

ಆಗ ನಾನು ಮಿಷಿಗನ್‌ಗೆ ಬಂದು ಎರಡು ವರ್ಷ. ಹಳೇ ಕಾರು, ಕಿಸೆ ಖಾಲಿ. ಮೆಕ್ಯಾನಿಕ್ಕಿಗೆ ಕೊಟ್ಟರೆ ಗಂಟೆಗಿಷ್ಟು ಅಂತ ಕೂಲಿ. ಆ ದುಡ್ಡನ್ನು ರೂಪಾಯಿಗೆ ಗುಣಿಸಿದರೆ ಎದೆ ಝಲ್ಲೆನ್ನುವ ಕಾಲ. ಪಕ್ಕದ ಮನೆಯಲ್ಲಿ ಕಾರು ಕಾರ್ಖಾನೆಯಿಂದ ರಿಟೈರ್ ಆದ ಒಬ್ಬ ಅಜ್ಜ ಇದ್ದರು. ಬ್ರೇಕ್ ಪ್ಯಾಡ್ ಬದಲಾಯಿಸುವುದನ್ನು ಕಲಿಸಿದವರು ಅವರೇ. ಸಾಮಾನು ಬೇಕಲ್ಲ? ಒಂದು ಶನಿವಾರ ಯಾರದೋ ಮನೆ ಮುಂದೆ ಹಳೇ ಸಾಮಾನು ಮಾರುವ ಗರಾಜ್ ಸೇಲ್‌ನಲ್ಲಿ ಮೂರು ಡಾಲರಿಗೆ, ತೆಗೆದು ಮತ್ತೆ ಕೂರಿಸದೇ ಹಿಂದೆ ಮುಂದೆ ಆಡಿಸಿಯೇ ನಟ್ಟು ತಿರುಗಿಸುವ ಒಂದು ರ‍್ಯಾಚೆಟ್ ಸಿಕ್ಕಿತು. ಮೇಲೆ ಕ್ರಾಫ್ಟ್ಸ್‌ಮನ್ ಅಂತ ಕೊರೆದಿತ್ತು. ಹಿಡಿ ಕೈಗೆ ಕೂತರೆ ನಮ್ಮನೆ ಮೆಟ್ಟುಗತ್ತಿ ನೆನಪಾಗುವಷ್ಟು ತೂಕ.

ಇಲ್ಲಿಯ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪು ತಿಂದ ಬೋಲ್ಟು ಬಿಚ್ಚುವುದೆಂದರೆ ದೇವರೇ ಗತಿ. ನಾನು ರ‍್ಯಾಚೆಟ್ಟಿನ ಹಿಡಿಗೆ ಎರಡಡಿ ಉದ್ದದ ನೀರಿನ ಪೈಪ್ ತೂರಿಸಿ, ಅದರ ಮೇಲೆ ಕಾಲಿಟ್ಟು ತುಳಿದೆ. ಒಳಗಿನ ಹಲ್ಲು ಕಟ್ ಅಂದಿತು. ಆಮೇಲೆ ಅದು ಎರಡೂ ಕಡೆಗೆ ಸುಮ್ಮನೆ ತಿರುಗತೊಡಗಿತು, ಉಯ್ಯಾಲೆಯ ಹಾಗೆ.

ಅಜ್ಜ ಬಂದು ನೋಡಿ, ‘ಸಿಯರ್ಸ್‌ಗೆ ತಗೊಂಡು ಹೋಗು, ಬದಲಾಯಿಸಿ ಕೊಡ್ತಾರೆ’ ಅಂದರು. ಸಿಯರ್ಸ್ ಅಂದರೆ ಆ ಹೆಸರಿನ ಸಾಮಾನು ಮಾರುತ್ತಿದ್ದ ದೊಡ್ಡ ಅಂಗಡಿ ಸರಣಿ. ನಾನು ನಗಾಡಿದೆ. ಬಿಲ್ ಇಲ್ಲ, ಕೊಂಡಿದ್ದು ಇನ್ನೊಬ್ಬರಿಂದ, ಮುರಿದದ್ದು ನನ್ನ ತಪ್ಪಿನಿಂದ. ಯಾರು ಕೊಡ್ತಾರೆ? ‘ಹೋಗಯ್ಯಾ ಸುಮ್ನೆ’ ಎನ್ನುವ ಧಾಟಿಯಲ್ಲಿ ಕೈ ಬೀಸಿದರು.

ಹೋದೆ. ಕಾರು ಓಡಿಸುತ್ತಾ ಇಪ್ಪತ್ತು ನಿಮಿಷ ಒಂದು ಸುಳ್ಳನ್ನು ಚೆನ್ನಾಗಿ ತಿದ್ದಿ ತೀಡಿ ಇಟ್ಟುಕೊಂಡೆ. ‘ಮೆತ್ತಗೇ ತಿರುಗಿಸುತ್ತಿದ್ದೆ, ತಾನಾಗೇ ಮುರಿಯಿತು.’ ಊರಿನ ಅಂಗಡಿಗಳಲ್ಲಿ ಬೆಳೆದವನಿಗೆ ಇದು ಅಭ್ಯಾಸ. ಅಂಗಡಿಯವನು ನಮ್ಮನ್ನು ಕಳ್ಳ ಅಂತಲೇ ನೋಡುತ್ತಾನೆ, ನಾವೂ ಅದಕ್ಕೆ ತಕ್ಕ ಹಾಗೆ ತಯಾರಾಗಿ ಹೋಗುತ್ತೇವೆ.

ಸಿಯರ್ಸ್‌ನ ಕೌಂಟರಿನಲ್ಲಿ ಒಬ್ಬರು ವಯಸ್ಸಾದವರು ನಿಂತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ರ‍್ಯಾಚೆಟ್ ಕೈಗೆ ತೆಗೆದುಕೊಂಡರು. ಎರಡು ಸಲ ತಿರುಗಿಸಿ ನೋಡಿದರು. ಕೌಂಟರ್ ಕೆಳಗಿನ ಡ್ರಾಯರ್ ಎಳೆದು ಅದೇ ಥರದ ಇನ್ನೊಂದು ತೆಗೆದು ಕೈಗಿತ್ತರು. ನನ್ನ ಹಳೇದನ್ನು ಒಂದು ಡಬ್ಬಕ್ಕೆ ಎಸೆದರು. ಠಣ್ ಅಂತ ಸದ್ದಾಯಿತು. ‘ಇನ್ನೇನಾದರೂ ಬೇಕಾ?’ ಅಷ್ಟೇ. ಬಿಲ್ ಇಲ್ಲ, ಸಹಿ ಇಲ್ಲ, ಹೆಸರೂ ಕೇಳಲಿಲ್ಲ. ಒಂದು ನಿಮಿಷ ಹಿಡಿಯಿತೋ ಇಲ್ಲವೋ.

ನನಗೆ ಏನೋ ಕಸಿವಿಸಿ. ‘ಇದನ್ನು ಗರಾಜ್ ಸೇಲ್‌ನಲ್ಲಿ ಕೊಂಡಿದ್ದು’ ಅಂತ ನಾನಾಗೇ ಹೇಳಿಬಿಟ್ಟೆ. ಅವರು ಹೆಗಲು ಕುಣಿಸಿದರು. ಸಾಮಾನಿನ ಮೇಲೆ ಹೆಸರಿದೆಯಲ್ಲ, ಸಾಕು ಎಂದರು. ತಯಾರು ಮಾಡಿಕೊಂಡು ಹೋಗಿದ್ದ ಸುಳ್ಳು ಹಾಗೇ ಉಳಿಯಿತು. ಪೈಪಿನ ವಿಷಯ ಮಾತ್ರ ನಾನೂ ಎತ್ತಲಿಲ್ಲ ಅನ್ನಿ.

ಊರಿನಿಂದ ಬಂದ ಹೊಸತರಲ್ಲಿ ಅಮೆರಿಕದ ಬಗ್ಗೆ ಒಬ್ಬೊಬ್ಬರಿಗೆ ಒಂದೊಂದು ಬೆರಗು. ಕೆಲವರಿಗೆ ರಸ್ತೆ, ಕೆಲವರಿಗೆ ಲೈಬ್ರರಿ. ನನಗೆ ಆ ಡ್ರಾಯರು. ಎಷ್ಟೋ ವರ್ಷ ಊರಿಗೆ ಫೋನ್ ಮಾಡಿದಾಗಲೆಲ್ಲ ಅದನ್ನೇ ಹೇಳುತ್ತಿದ್ದೆ. ಅಮ್ಮ, ‘ಆ ರ‍್ಯಾಚೆಟ್ ಕಥೆ ಬಿಡೋ ಮಾರಾಯ’ ಅನ್ನುವವರೆಗೂ.

ಆಮೇಲೆ ಗೊತ್ತಾಯಿತು, ಕ್ರಾಫ್ಟ್ಸ್‌ಮನ್ ಅನ್ನುವ ಹೆಸರು ಸಿಯರ್ಸ್ ಕೈಗೆ ಬಂದದ್ದು 1927ರಲ್ಲಿ. ತಮಾಷೆ ಅಂದರೆ ಸಿಯರ್ಸ್ ತಾನೇ ಕುಳಿತು ಸ್ಪಾನರ್ ಮಾಡುತ್ತಿರಲಿಲ್ಲ. ಬೇರೆ ಬೇರೆ ಕಾರ್ಖಾನೆಗಳಿಂದ ಮಾಡಿಸಿ ತನ್ನ ಹೆಸರು ಕೊರೆಸುತ್ತಿತ್ತು. ಆದರೂ ಜನ ಹೋಗುತ್ತಿದ್ದದ್ದು ಆ ಹೆಸರಿಗಾಗಿ, ಆ ಹೆಸರಿನ ಹಿಂದಿನ ಮಾತಿಗಾಗಿ: ತೃಪ್ತಿಯಾಗದಿದ್ದರೆ ತಂದುಕೊಡಿ, ಪುಕ್ಕಟೆ ಬದಲಾಯಿಸುತ್ತೇವೆ. ಗರಾಜಿನ ಮೆಕ್ಯಾನಿಕ್ಕುಗಳಿಗೆ ಇದಕ್ಕಿಂತ ಮೇಲಿನದ್ದೂ ಉಂಟು. 1920ರಲ್ಲಿ ಶುರುವಾದ ಸ್ನ್ಯಾಪ್-ಆನ್ ಕಂಪನಿ, ವಿಸ್ಕಾನ್ಸಿನ್‌ನ ಕೆನೋಷಾದ್ದು. ಅದರ ವ್ಯಾನುಗಳು ಗರಾಜಿನ ಬಾಗಿಲಿಗೇ ಬರುತ್ತವೆ. ಮುರಿದದ್ದು ಹಿಡಿದು ವ್ಯಾನಿನ ಮೆಟ್ಟಿಲು ಹತ್ತಿದರೆ ಗಟ್ಟಿಯದನ್ನು ಹಿಡಿದು ಇಳಿಯಬಹುದು. ಬೆಲೆ ಕೇಳಿದರೆ ಮಾತ್ರ ನಮ್ಮಂಥವರು ಮೆಟ್ಟಿಲು ಹತ್ತುವುದೇ ಇಲ್ಲ.

ಈಗ ನಮ್ಮ ಕಡೆ ನೋಡಿ. ಗ್ಯಾರಂಟಿ ಅನ್ನುವ ಪದವನ್ನು ನಾವು ಎಷ್ಟು ಧಾರಾಳವಾಗಿ ಬಳಸುತ್ತೇವೆ! ‘ಏನೂ ಆಗಲ್ಲ ಸಾರ್, ನಂದು ಗ್ಯಾರಂಟಿ’ ಅಂತ ಕೊಡುವವರೆಗೆ. ಕೊಟ್ಟ ಮೇಲೆ ಅದೇ ಬಾಯಲ್ಲಿ ‘ಹೊಸ್ತಿಲು ದಾಟಿದ್ಮೇಲೆ ನಾವ್ ಜವಾಬ್ದಾರ್ರಲ್ಲ’. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಮ್ಮೆ ಕಟಿಂಗ್ ಪ್ಲೇಯರ್ ಕೊಳ್ಳಲು ನಿಂತಿದ್ದೆ. ಹೆಸರಾದ ಬ್ರಾಂಡಿನದ್ದೇ ಎರಡು ತೋರಿಸಿದರು. ಒಂದಕ್ಕೆ ಇನ್ನೊಂದರ ಅರ್ಧ ಬೆಲೆ. ಹಿಡಿಯ ಬಣ್ಣ ಒಂದೇ, ಅಕ್ಷರ ಒಂದೇ, ಡಬ್ಬಿ ಒಂದೇ. ವ್ಯತ್ಯಾಸ ಏನು ಅಂದರೆ, ‘ಅದು ಒರಿಜಿನಲ್, ಇದು ಹಂಗೇ’ ಅಂದ ಹುಡುಗ. ಹಂಗೇ! ಆ ಪ್ರಾಮಾಣಿಕತೆಗೆ ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಒರಿಜಿನಲ್ ಅಂತ ಕೊಟ್ಟದ್ದಾದರೂ ಒರಿಜಿನಲ್ಲೇ ಅನ್ನಲು ನಮ್ಮ ಹತ್ತಿರ ಏನು ಆಧಾರ?

ಕಬ್ಬಿಣ ಮಾಡಲು ನಮಗೆ ಬರುವುದಿಲ್ಲ ಅಂತಲ್ಲ. ಜಲಂಧರ್, ಲುಧಿಯಾನದವರು ಮಾಡಿದ ಸ್ಪಾನರ್, ಸುತ್ತಿಗೆ, ವೈಸ್‌ಗಳು ಲೋಕಕ್ಕೆಲ್ಲ ಹೋಗುತ್ತವೆ. ಅಮೆರಿಕದ ಊರುಗಳಲ್ಲಿ ನಡೆದಾಡುವಾಗ ಕಾಲ ಕೆಳಗಿನ ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಮೇಡ್ ಇನ್ ಇಂಡಿಯಾ ಅಂತ ಓದಿದವರು ನಿಮ್ಮಲ್ಲೂ ಇರಬಹುದು. ನೋವೈಯ ಅಂಗಡಿಯಲ್ಲಿ ನಾನು ಕೊಂಡ ಬೆಂಚ್ ವೈಸ್ ಮೇಲೂ ಇಂಡಿಯಾ ಅಂತಲೇ ಇದೆ. ಹದಿನೈದು ವರ್ಷದಿಂದ ಬಡಿಯುತ್ತಿದ್ದೇನೆ, ಕೂದಲು ಕೊಂಕಿಲ್ಲ. ಹಾಗಾದರೆ ಅಮೆರಿಕಕ್ಕೆ ಬರುವ ಆ ಕಬ್ಬಿಣ ನಮ್ಮ ಪೇಟೆಗೆ ಯಾಕೆ ಬರುವುದಿಲ್ಲ? ‘ಎಕ್ಸ್‌ಪೋರ್ಟ್ ಕ್ವಾಲಿಟಿ’ ಅನ್ನುವ ಮಾತನ್ನು ನಾವು ಹೆಮ್ಮೆಯಿಂದ ಹೇಳುತ್ತೇವಲ್ಲ, ಅದರಂಥ ಅವಮಾನದ ಮಾತು ಇನ್ನೊಂದಿಲ್ಲ. ಒಳ್ಳೇದು ಪರರಿಗೆ, ಉಳಿದದ್ದು ಮನೆಯವರಿಗೆ. ಅಡಿಕೆ ಬೆಳೆಯುವವರ ಮನೆಯಲ್ಲಿ ಚೂರಡಿಕೆ ಜಗಿಯುವ ಹಾಗೆ.

ಕಾನೂನು ಇಲ್ಲವಾ ಅಂದರೆ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದೇ ಇರುವುದೇ ಅನುಚಿತ ವ್ಯಾಪಾರ. ಕೆಟ್ಟ ಸಾಮಾನು ವಾಪಸ್ ತೆಗೆದುಕೊಂಡು ದುಡ್ಡು ಹಿಂದಿರುಗಿಸಲು ಒಪ್ಪದಿರುವುದೂ ಅನುಚಿತವೇ. ಬಿಲ್ಲಿನಲ್ಲಿ ಗಡುವು ಬರೆಯದಿದ್ದರೆ 30 ದಿನ. ನನ್ನದು ಒಂದೇ ದಿನ ಆಗಿತ್ತು. ಈ ಮಾತನ್ನು ಅಂಗಡಿಯಲ್ಲಿ ಎತ್ತಿದೆ. ಪಕ್ಕದಲ್ಲಿ ಮೊಳೆ ತೂಗಿಸುತ್ತಿದ್ದ ಒಬ್ಬರು, ‘ಎಲ್ಲಿಂದ ಬಂದ್ರಿ ನೀವು?’ ಅಂತ ಕೇಳಿದರು. ಸಾಗರದಲ್ಲಿ! ನಾನು ಓದಿದ ಹೈಸ್ಕೂಲಿನಿಂದ ಕೂಗಳತೆ ದೂರದಲ್ಲಿ! ಸಣ್ಣ ಜಗಳ ಮಾಡಿದೆ, ನಿಜ. ಸ್ಪಾನರ್ ಅಲ್ಲೇ ಬಿಟ್ಟು ಎದ್ದು ಬಂದೆ.

ಸಿಟ್ಟು ಬಂದದ್ದಕ್ಕೆ ಕಾರಣ ಯೋಚಿಸಿದರೆ ತಿರುಗಿ ಅದೇ ಡ್ರಾಯರ್ ಮುಂದೆ ಬಂದು ನಿಲ್ಲುತ್ತೇನೆ. ಅಲ್ಲಿ ನಿಂತವರು ನನ್ನನ್ನು ಮೊದಲು ನಂಬಿದರು. ಸಾಗರದಲ್ಲಿ ನಿಂತವರು ಮೊದಲು ಅನುಮಾನಪಟ್ಟರು. ಅಮೆರಿಕದಲ್ಲಿ ನಾನು ನಿಜಕ್ಕೂ ತಪ್ಪು ಮಾಡಿದ್ದೆ, ಸಾಗರದಲ್ಲಿ ಮಾಡಿರಲಿಲ್ಲ. ಒಂದು ಸ್ಪಾನರಿಗೆ ಎಷ್ಟು ದುಡ್ಡು? ಇನ್ನೂರೋ ಮುನ್ನೂರೋ. ಅಷ್ಟಕ್ಕೆ ಮೂರು ತಲೆಮಾರಿನ ಗಿರಾಕಿಯನ್ನು ಕಳ್ಳ ಮಾಡುವುದು ನನಗೆ ಅರ್ಥವಾಗುವುದೇ ಇಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನನಗೂ ಅನುಕೂಲ. ಆದರೆ ಆ ಡ್ರಾಯರ್ ಈಗ ಇಲ್ಲ.

ಸಿಯರ್ಸ್ 2018ರ ಅಕ್ಟೋಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಮುಂಚೆ, 2017ರಲ್ಲೇ, ಕ್ರಾಫ್ಟ್ಸ್‌ಮನ್ ಹೆಸರನ್ನು ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಅನ್ನುವ ಟೂಲ್ ಕಂಪನಿಗೆ ಮಾರಿ ಆಗಿತ್ತು. ನಮ್ಮ ಹತ್ತಿರದ ಮಾಲಿನ ಅಂಗಡಿ ಮುಚ್ಚುವ ಮುಂಚೆ ಒಂದು ಭಾನುವಾರ ಹೋಗಿದ್ದೆ. ಸಾಮಾನೆಲ್ಲ ಖಾಲಿ, ಶೆಲ್ಫುಗಳಿಗೇ ಬೆಲೆ ಚೀಟಿ ಅಂಟಿಸಿದ್ದರು. ಆ ಕೌಂಟರಿಗೂ ಒಂದು ಚೀಟಿ ಇತ್ತು. ಡ್ರಾಯರ್ ಎಳೆದು ನೋಡಿದೆ. ಒಂದು ರಬ್ಬರ್ ಬ್ಯಾಂಡ್, ಒಂದು ಸಣ್ಣ ಸ್ಪ್ರಿಂಗು.

ಅದೂ ಹೋಗಲಿ ಅಂದರೆ, ಡ್ರಾಯರ್ ಇದ್ದಾಗಲೇ ಒಳಗಿನ ಕಬ್ಬಿಣ ಬದಲಾಗುತ್ತಾ ಬಂದಿತ್ತು. 2010ರ ಆಚೀಚೆ ಕ್ರಾಫ್ಟ್ಸ್‌ಮನ್ ಸಾಮಾನುಗಳ ತಯಾರಿಕೆ ಹೆಚ್ಚುಕಮ್ಮಿ ಅಮೆರಿಕ ಬಿಟ್ಟು ಏಷ್ಯಾದ ಕಡೆ ನಡೆಯಿತು. ಪಕ್ಕದ ಮನೆ ಅಜ್ಜ ಆ ಹೊತ್ತಿಗೆ ಮುರಿದದ್ದನ್ನು ಬದಲಾಯಿಸಲು ಹೋಗುವುದನ್ನೇ ಬಿಟ್ಟಿದ್ದರು. ಅವರ ಲೆಕ್ಕ ಸರಳ. ಹಳೇದು ಸ್ವಲ್ಪ ಸವೆದಿದ್ದರೂ ಹಳೇದೇ. ಕೊಟ್ಟರೆ ಹೊಸದು ಬರುತ್ತೆ, ಹಳೇದು ಹೋಗುತ್ತೆ. ಹೊಸ ಮಾಲೀಕರು 2019ರಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಕಾರ್ಖಾನೆ ಕಟ್ಟುತ್ತೇವೆ, 9 ಕೋಟಿ ಡಾಲರ್ ಹಾಕುತ್ತೇವೆ, 500 ಜನರಿಗೆ ಕೆಲಸ, ಯಂತ್ರಗಳೇ ಹೆಚ್ಚಿನದನ್ನು ಮಾಡುತ್ತವೆ, ಸ್ಪಾನರ್ ಮತ್ತೆ ಅಮೆರಿಕದ್ದೇ ಅಂದಾಗ ಅಜ್ಜನಿಗೆ ಖುಷಿಯಾಗಿತ್ತು. 2023ರಲ್ಲಿ ಅದನ್ನು ಮುಚ್ಚುತ್ತೇವೆ ಅಂದರು. ಅದನ್ನು ಕೇಳಲು ಅಜ್ಜ ಇರಲಿಲ್ಲ. ಅವರ ಮಗಳು ಮನೆ ಮಾರುವಾಗ ಅವರ ಕೆಂಪು ಟೂಲ್ ಪೆಟ್ಟಿಗೆಯನ್ನು ನನಗೇ ಕೊಟ್ಟಳು. ಆಯುಧ ಪೂಜೆಗೆ ಕುಂಕುಮ ಹಚ್ಚುವಾಗ ಅದಕ್ಕೆ ಮೊದಲು.

ನನ್ನ ಹೊಸ ರ‍್ಯಾಚೆಟ್ ಬೇರೆ ಕಂಪನಿಯದು, ಬೇರೆ ಅಂಗಡಿಯದು. ಹೆಸರು ಬೇಡ. ಲೈಫ್‌ಟೈಮ್ ವಾರಂಟಿ ಅದಕ್ಕೂ ಇದೆ. ಹಳೇ ರ‍್ಯಾಚೆಟ್‌ಗಳಲ್ಲಿ 36 ಹಲ್ಲು ಮಾಮೂಲು. ಹತ್ತು ಡಿಗ್ರಿ ತಿರುಗಿಸಿದರೆ ಒಂದು ಹಲ್ಲು. ಈಗ 72, 90, ಇನ್ನೂ ಜಾಸ್ತಿ. ಎಂಜಿನ್ನಿನ ಇಕ್ಕಟ್ಟಿನಲ್ಲಿ ಐದು ಡಿಗ್ರಿ ಅಲ್ಲಾಡಿಸಿದರೂ ಸಾಕು, ಅನುಕೂಲ ನಿಜ. ಆದರೆ ಹಲ್ಲು ಸಣ್ಣದಾದಷ್ಟೂ ಒಳಗೆ ಮರಳು, ಗ್ರೀಸಿನ ಜಿಡ್ಡು ಸೇರಿದಾಗ ಕಚ್ಚುವುದು ತಪ್ಪುತ್ತದೆ. ಉಕ್ಕು ಮತ್ತು ಅದರ ಹದ ಎರಡೂ ಚೆನ್ನಾಗಿದ್ದರೆ ಸಣ್ಣ ಹಲ್ಲೂ ತಡೆಯುತ್ತದೆ. ನನ್ನದು ತಡೆಯಲಿಲ್ಲ. ಎರಡು ವರ್ಷದಲ್ಲಿ ಮೂರು ಸಲ ಬದಲಾಯಿಸಿದೆ. ಮೂರು ಸಲವೂ ನಗುನಗುತ್ತಲೇ ಕೊಟ್ಟರು. ಮೂರನೇ ಸಲ ವಾಪಸ್ ಬರುತ್ತಾ ಕಾರಿನಲ್ಲಿ ಹೊಳೆಯಿತು. ಇವರು ಪ್ರಾಣ ಹೋದರೂ ಮಾತು ತಪ್ಪುವುದಿಲ್ಲ, ಆದರೆ ಸಾಮಾನು ಮೊದಲಿನ ಹಾಗೆ ಮಾಡುವುದೂ ಇಲ್ಲ. ಮಾಡುವ ಖರ್ಚು ಕಡಿಮೆಯಾದರೆ ನಾಲ್ಕು ಸಲ ಪುಕ್ಕಟೆ ಕೊಟ್ಟರೂ ಗಿಟ್ಟುತ್ತದೆ. ನನ್ನ ಶನಿವಾರಗಳ ಲೆಕ್ಕ ಯಾರೂ ಇಡುವುದಿಲ್ಲ.

ಅಂದಹಾಗೆ ಈ ಲೈಫ್‌ಟೈಮ್ ಅಂದರೆ ಯಾರ ಲೈಫು? ಕೊಂಡವನದೋ, ಸಾಮಾನಿನದೋ, ಕಂಪನಿಯದೋ? ತಮಾಷೆಗೆ ಕೇಳುತ್ತಿಲ್ಲ. ಜಾಹೀರಾತಿನಲ್ಲಿ ಲೈಫ್‌ಟೈಮ್ ಅಂದರೆ ಅದು ಯಾರ ಅಥವಾ ಯಾವುದರ ಆಯಸ್ಸು ಅಂತ ಬಿಡಿಸಿ ಹೇಳಬೇಕು ಅಂತ ಗ್ರಾಹಕರ ಹಿತ ಕಾಯುವ ಇಲ್ಲಿಯ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನಿನ ಮಾರ್ಗಸೂಚಿಯಲ್ಲೇ ಇದೆ. ಗೊಂದಲ ನನ್ನೊಬ್ಬನದಲ್ಲ ಅಂತಾಯಿತು.

ಇನ್ನೊಂದು ವಿಷಯ. ಹೇಳುವುದಾ ಬೇಡವಾ ಅಂತ ಇದ್ದೆ. ರ‍್ಯಾಚೆಟ್ ತಲೆಯ ಹಿಂದೆ ಒಂದು ಗುಂಡಿ ಇರುತ್ತದೆ. ಒತ್ತಿದರೆ ನಟ್ಟನ್ನು ಹಿಡಿಯುವ ಸಾಕೆಟ್ ಕಳಚಿಕೊಂಡು ಕೈಗೆ ಬರುತ್ತದೆ. ಆ ಗುಂಡಿಯನ್ನು ಸಿಯರ್ಸ್‌ಗೆ ಕೊಟ್ಟವನು ಅದೇ ಸಿಯರ್ಸ್‌ನ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ ಪೀಟರ್ ರಾಬರ್ಟ್ಸ್. ಅದನ್ನು ಕಂಡುಹಿಡಿದಾಗ ಅವನಿಗೆ 18 ವರ್ಷ, ಇಸವಿ 1963. ಇದಕ್ಕೆ ಅಂಥಾ ಬೆಲೆಯೇನಿಲ್ಲ ಅಂತ ಹೇಳಿ ಕಂಪನಿ ಹಕ್ಕನ್ನು ಹೆಚ್ಚೆಂದರೆ 10,000 ಡಾಲರಿಗೆ ಬರೆಸಿಕೊಂಡಿತು. ಆಮೇಲೆ ಅಂಥ ರ‍್ಯಾಚೆಟ್‌ಗಳನ್ನು ಲಕ್ಷಗಟ್ಟಲೆ ಮಾರಿತು. ಅವನು 1969ರಲ್ಲಿ ಕೋರ್ಟಿಗೆ ಹೋದ. ಮೋಸ ಆಗಿದೆ ಅಂತ ಜ್ಯೂರಿ ಒಪ್ಪಿ 10 ಲಕ್ಷ ಡಾಲರ್ ಕೊಡಿ ಅನ್ನುವ ಹೊತ್ತಿಗೆ 1977. ಅಲ್ಲಿಗೂ ಮುಗಿಯಲಿಲ್ಲ. ದಾರಿಹೋಕ ಗಿರಾಕಿಯನ್ನು ಬಿಲ್ ಇಲ್ಲದೆ ನಂಬಿದವರು ತಮ್ಮದೇ ಅಂಗಡಿಯ ಹುಡುಗನಿಗೆ ಹೀಗೆ ಮಾಡಿದ್ದರು. ಇದನ್ನು ಓದಿದ ದಿನ ನನ್ನ ಡ್ರಾಯರ್ ಕಥೆಗೆ ಸ್ವಲ್ಪ ತುಕ್ಕು ಹಿಡಿಯಿತು. ಗುಂಡಿ ಒತ್ತಿದಾಗಲೆಲ್ಲ ನೆನಪಾಗುತ್ತದೆ.

ಆ ನಂಬಿಕೆಯನ್ನು ಜನ ಉಳಿಸಿಕೊಂಡರಾ ಅಂದರೆ ಅದೂ ಇಲ್ಲ. ಹಳೇ ಸಂತೆಗಳಲ್ಲಿ ಮುರಿದ ಕ್ರಾಫ್ಟ್ಸ್‌ಮನ್‌ಗಳನ್ನು ಚೀಲಗಟ್ಟಲೆ ಕೊಂಡು, ಕೌಂಟರಿನಲ್ಲಿ ಸುರಿದು, ಹೊಸದು ಒಯ್ದು ಮಾರಿದವರ ಕಥೆ ಅಜ್ಜನೇ ಹೇಳುತ್ತಿದ್ದರು. ನಮ್ಮವರೇನು ಕಮ್ಮಿಯಾ? ಅಪ್ಪ ಅಮ್ಮ ಬಂದಾಗ ಗಾಳಿ ಹಾಸಿಗೆ ತಂದು, ಆರು ತಿಂಗಳು ಮಲಗಿಸಿ, ಅವರನ್ನು ವಿಮಾನ ಹತ್ತಿಸಿದ ಮಾರನೇ ದಿನ ಹಾಸಿಗೆಯನ್ನು ಅಂಗಡಿಗೆ ವಾಪಸ್ ಕೊಟ್ಟವರು ನನ್ನ ಗೆಳೆಯರಲ್ಲೇ ಇದ್ದಾರೆ. ಕನ್ನಡ ಕೂಟದ ಯುಗಾದಿ ಊಟಕ್ಕೆ ಕೂತಾಗ ಅದನ್ನು ಸಾಹಸದ ಥರ ಹೇಳಿಕೊಳ್ಳುತ್ತಾರೆ. ನಾವೂ ಹೋಳಿಗೆ ಮುರಿಯುತ್ತಾ ನಗುತ್ತೇವೆ.

ಊರಿನ ಅಂಗಡಿಯವರ ಬಗ್ಗೆ ಇನ್ನಷ್ಟು ಹೇಳಬೇಕು. ಮನಸ್ಸಿಲ್ಲದಿದ್ದರೂ ಹೇಳುತ್ತೇನೆ. ನಾನು ವಾಪಸ್ ಬಂದ ಮೂರನೇ ವಾರ ಅಪ್ಪನ ಫೋನು. ‘ನಿನ್ನ ಸ್ಪಾನರ್ ಬಂತು.’ ಬಸ್ಸಿನ ಕಂಡಕ್ಟರ್ ಕೈಲಿ ಪೇಪರ್ ಸುತ್ತಿ ಕಳಿಸಿದ್ದರಂತೆ. ಹೊಸ 18-19. ಅದೂ ಆ ಹೊಳೆಯುವ ಸೆಟ್ಟಿನದಲ್ಲ, ಬೇರೆ ಕಂಪನಿಯ ಕರೀ ಬಣ್ಣದ್ದು, ಗಟ್ಟಿಯದು. ಕಂಪನಿ ಬದಲಾಯಿಸಿ ಕೊಟ್ಟಿತಾ ಅಂತ ಕೇಳಿದೆ. ‘ಕಂಪನಿ ಎಲ್ಲಿಂದ ಕೊಡುತ್ತೋ, ಅವನೇ ಕೈಯಿಂದ ಹಾಕ್ಕೊಂಡಿದಾನೆ’ ಅಂದರು ಅಪ್ಪ. ಅಮೆರಿಕದ ದೊಡ್ಡ ಅಂಗಡಿ ಮುರಿದದ್ದನ್ನು ಡಬ್ಬಕ್ಕೆ ಎಸೆದು, ಖರ್ಚನ್ನು ತಯಾರಕನ ಲೆಕ್ಕಕ್ಕೆ ಬರೆದು ಕೈ ತೊಳೆದುಕೊಳ್ಳಬಹುದು. ಸಾಗರದ ಅಂಗಡಿಯವರಿಗೆ ಬರೆಯಲು ಯಾರ ಲೆಕ್ಕವೂ ಇಲ್ಲ. ಹೋಲ್‌ಸೇಲಿನವನು ಫೋನ್ ಎತ್ತುವುದಿಲ್ಲ, ಕಂಪನಿ ಎಲ್ಲಿದೆ ಅಂತ ಗೊತ್ತಿಲ್ಲ. ಒಂದು ಸ್ಪಾನರ್ ಸೆಟ್ಟಿನಲ್ಲಿ ಉಳಿಯುವ ಲಾಭ ಒಂದು ಸ್ಪಾನರಿಗೆ ಹೋಯಿತು. ಹಾಗಿದ್ದರೆ ಆವತ್ತೇ ಕೊಡಬಹುದಿತ್ತಲ್ಲ, ಪೈಪಿನ ಮಾತು ಯಾಕೆ ಆಡಬೇಕಿತ್ತು ಅಂತ ನನ್ನ ವಾದ. ‘ನೀನು ಕಾನೂನು ಮಾತಾಡಿದ್ಯಂತೆ’ ಅಂದರು ಅಪ್ಪ. ನಾನು ಬೇರೆ ಮಾತು ತೆಗೆದೆ.

ಅಪ್ಪನ ಕರೀ ಸ್ಪಾನರಿಗೆ ಯಾವ ಗ್ಯಾರಂಟಿ ಕಾರ್ಡೂ ಇರಲಿಲ್ಲ. ಮನೆಯಲ್ಲಿರುವ ತಪಾರಿಯಾ ಇಕ್ಕಳಕ್ಕೂ ಇರಲಿಲ್ಲ. ಅದರ ಹಿಡಿಯ ಪ್ಲಾಸ್ಟಿಕ್ ಹರಿದು ಹೋಗಿ, ಇನ್ಸುಲೇಷನ್ ಟೇಪ್ ಸುತ್ತಿ, ಅದೂ ಅಂಟಂಟಾಗಿ, ಈಗ ಮತ್ತೆ ಸೈಕಲ್ ಟ್ಯೂಬ್ ಬಂದಿದೆ. ಬಾಯಿ ಮಾತ್ರ ಇವತ್ತಿಗೂ ತಂತಿ ಕಚ್ಚಿದರೆ ಬಿಡುವುದಿಲ್ಲ. ನನ್ನ ಅಜ್ಜನ ಕಾಲದಲ್ಲಿ ಊರಿನ ಕುಲುಮೆಗೆ ಸುಗ್ಗಿಯಲ್ಲಿ ಭತ್ತ ಅಳೆದು ಕೊಡುತ್ತಿದ್ದರು. ಬಯಲುಸೀಮೆಯವರು ಆಯ ಅನ್ನುವುದು ಅದಕ್ಕೇ. ಒಮ್ಮೆ ಕೊಟ್ಟರೆ ವರ್ಷವಿಡೀ ಕತ್ತಿ, ಗುದ್ದಲಿ, ಹಾರೆ ಏನೇ ಮೊಂಡಾದರೂ ಹಣಿದು ಕೊಡುವುದು ಆಚಾರಿಯ ಕೆಲಸ. ನಾನು ಚಿಕ್ಕವನಿದ್ದಾಗ ಮುರಿದ ಹಾರೆ ಹೊತ್ತು ಹೋಗಿದ್ದು ನೆನಪಿದೆ. ತಿದಿ ಒತ್ತಲು ನನ್ನನ್ನೇ ಕೂರಿಸಿದ್ದರು. ‘ಕಲ್ಲಿಗೆ ಹೊಡ್ದೆ ಅಲ್ವೇನೋ?’ ಅಂತ ಆಚಾರಿ ಬೈದರು. ಹೌದು, ಕಲ್ಲಿಗೇ ಹೊಡೆದಿದ್ದೆ. ಅವರಿಗೆ ಮುರಿದ ಮೈ ನೋಡಿದರೇ ಗೊತ್ತಾಗುತ್ತಿತ್ತು. ಬೈದುಕೊಂಡೇ ಕಾಸಿ, ಬಡಿದು, ನೀರಿಗೆ ಅದ್ದಿ, ಹದ ನೋಡಿ ಕೊಟ್ಟರು. ಹೊಸದು ಕೊಡಲಿಲ್ಲ, ಅದನ್ನೇ ಹೊಸದು ಮಾಡಿದರು. ಆ ಕುಲುಮೆ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಚಾರ್ಜ್ ಅಂಗಡಿ ಇದೆ.

ಹಾಗಂತ ನನ್ನ ತೀರ್ಪು ಬದಲಾಯಿತು ಅಂದುಕೊಳ್ಳಬೇಡಿ. ಬೈದು ಕೊಡುವವರಿಗಿಂತ ಕೇಳದೆ ಕೊಟ್ಟವರೇ ನನಗೆ ಇವತ್ತಿಗೂ ಮೇಲು. ಸಾಗರದಲ್ಲಿ ಆ ಸ್ಪಾನರ್ ಬಸ್ಸು ಹತ್ತಿದ್ದು ಅಪ್ಪನ ಮುಖ ನೋಡಿ. ನಾಳೆ ಬೇರೆ ಊರಿನ ಯಾರೋ ಅದೇ ಅಂಗಡಿಗೆ ಹೋದರೆ ಅವನಿಗೆ ಕಂಡಕ್ಟರೂ ಇಲ್ಲ, ಪೇಪರೂ ಇಲ್ಲ. 2003ರಲ್ಲಿ ಆ ಕೌಂಟರಿನವರಿಗೆ ನನ್ನ ಅಪ್ಪ ಯಾರು ಅಂತ ಗೊತ್ತಿರಲಿಲ್ಲ.

ಹೋದ ತಿಂಗಳು ನಾಲ್ಕನೇ ರ‍್ಯಾಚೆಟ್ಟೂ ಕೈಕೊಟ್ಟಿತು. ಒಪ್ಪಿಕೊಳ್ಳುತ್ತೇನೆ, ಪೈಪ್ ಹಾಕಿದ್ದೆ. ಅಂಗಡಿಗೆ ಹೋದರೆ ಆ ಮಾಡೆಲ್ ಈಗ ಬರುತ್ತಿಲ್ಲ, ನೀವು ಆನ್‌ಲೈನಿನಲ್ಲಿ ಅರ್ಜಿ ಹಾಕಿ ಅಂದರು. ಕೌಂಟರಿನಲ್ಲಿದ್ದ ಹುಡುಗ ಪಾಪ ಒಳ್ಳೆಯವನೇ, ಆದರೆ ಅವನ ಕೈಯಲ್ಲಿ ಏನೂ ಇಲ್ಲ. ರಾತ್ರಿ ಊಟ ಆದಮೇಲೆ ಲ್ಯಾಪ್‌ಟಾಪ್ ತೆಗೆದು ಕೂತೆ. ಮುರಿದ ಜಾಗದ ಫೋಟೋ ಎರಡು ಕೋನದಿಂದ. ಕೊರೆದ ನಂಬರಿನ ಫೋಟೋ. ಕೊಂಡ ತಾರೀಕು. ಆಮೇಲೆ, ಬಿಲ್ಲಿನ ಪ್ರತಿ ಇಲ್ಲಿ ಲಗತ್ತಿಸಿ. ನಾನು ನಕ್ಕ ಸದ್ದಿಗೆ ಹೆಂಡತಿ ಅಡುಗೆಮನೆಯಿಂದ ಏನಾಯಿತು ಅಂತ ಕೇಳಿದಳು.

ಹಳೇ ಇ-ಮೇಲ್ ಹುಡುಕಿ ಬಿಲ್ ಹೇಗೋ ಸಿಕ್ಕಿತು. ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು. ಮುರಿಯುವಾಗ ಸಾಮಾನನ್ನು ಹೇಗೆ ಬಳಸುತ್ತಿದ್ದಿರಿ, ವಿವರಿಸಿ. ಖಾಲಿ ಚೌಕದಲ್ಲಿ ಕರ್ಸರ್ ಮಿಣಮಿಣ ಅನ್ನುತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಕಾರಿನಲ್ಲಿ ತಿದ್ದಿ ತೀಡಿ ಇಟ್ಟುಕೊಂಡಿದ್ದ ವಾಕ್ಯ ಒಂದಕ್ಷರವೂ ಮರೆತಿರಲಿಲ್ಲ. ಮೆತ್ತಗೇ ತಿರುಗಿಸುತ್ತಿದ್ದೆ, ತಾನಾಗೇ ಮುರಿಯಿತು ಅಂತ ಟೈಪ್ ಮಾಡಿ ಕಳಿಸಿದೆ.